ಅಜ್ಜನ ತ್ರೀ-ಫಿಫ್ಟೀನೋ, ಹತ್ತು ಮೀಟರಿನ ಏರ್ ರೈಫಲ್ಲೋ?

ಹೋದ ಬೇಸಿಗೆಯಲ್ಲಿ ಅಕ್ಕನ ಮಗ ದಾವಣಗೆರೆಗೆ ಬಂದವನೇ ಫೋನು ನನ್ನ ಮೂಗಿನ ಹತ್ತಿರ ಹಿಡಿದ. ಅಮೆರಿಕದಲ್ಲಿ ಯಾರೋ ಒಬ್ಬರು ಮನೆಯ ಗ್ಯಾರೇಜಿನಲ್ಲಿ ಕೂತು ಹಳೇ ಬೇಟೆ ರೈಫಲ್ಲಿಗೆ ತಾವೇ ತೋಟೆ ತುಂಬುತ್ತಿದ್ದರು. ಮೇಜಿಗೆ ಬಿಗಿದ ಪ್ರೆಸ್ಸು, ಪುಟ್ಟ ತಕ್ಕಡಿ, ಸಾಲಾಗಿ ನಿಂತ ಹಿತ್ತಾಳೆ ಕೇಸುಗಳು. ಅಕ್ಕಸಾಲಿಗರ ಅಂಗಡಿ ಇದ್ದ ಹಾಗೇ ಇತ್ತು.

"ಮಾವ, ಅಜ್ಜನ ರೈಫಲ್ಲಿಗೂ ನಾವು ಹಿಂಗೇ ಮಾಡ್ಬಹುದಲ್ವಾ?"

"ಮಾಡಂಗಿಲ್ಲಪ್ಪಾ."

ಮುಖ ಸಣ್ಣದಾಯಿತು. ಅವನಿಗೆ ಬೇಟೆಯ ಹುಚ್ಚಿಲ್ಲ. ಆ ಕುಸುರಿ ಕೆಲಸದ ಹುಚ್ಚು. ತೂಗುವುದು, ಅಳೆಯುವುದು, ಒಂದೊಂದು ಕೂದಲೆಳೆ ಬದಲಾಯಿಸಿ ಗುರಿ ಎಷ್ಟು ಸರಿಯಿತು ಅಂತ ನೋಡುವುದು. ಅದೇ ಹುಚ್ಚು ನನಗೂ ಇರುವುದರಿಂದ ಅವನ ಜೊತೆ ಕೂತು ಲೆಕ್ಕ ಹಾಕಿದೆ. ದಾವಣಗೆರೆ, ಚಿತ್ರದುರ್ಗದ ಕಡೆ ಇರುವ ಒಬ್ಬ ಮನುಷ್ಯನಿಗೆ ಈ ಖುಷಿ ಎಲ್ಲೆಲ್ಲಿ ಸಿಗುತ್ತದೆ? ಮನೆಯ ಹಳೇ ರೈಫಲ್ಲಿನಲ್ಲೋ, ಕ್ಲಬ್ಬಿನ .22 ರೈಫಲ್ಲಿನಲ್ಲೋ, ಏರ್ ರೈಫಲ್ಲಿನಲ್ಲೋ? ಏರ್ ರೈಫಲ್ ಅಂದರೆ ಸ್ಪ್ರಿಂಗಿನದೋ, ಮೊದಲೇ ಗಾಳಿ ತುಂಬಿಸಿಡುವ ಪಿಸಿಪಿಯೋ? ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ತೋಟೆ ಕಟ್ಟುವವರು ಪಡುವ ಸುಖದ ಮುಕ್ಕಾಲು ಪಾಲು 4.5 ಮಿ.ಮೀ. ಏರ್ ರೈಫಲ್ಲಿನಲ್ಲೇ ಸಿಗುತ್ತದೆ. ಉಳಿದ ಕಾಲು ಪಾಲಿಗಾಗಿ ಕಾನೂನು, ಖರ್ಚು, ಓಡಾಟ ಮೈಮೇಲೆ ಎಳೆದುಕೊಳ್ಳುವುದು ನಮಗೆ ಗಿಟ್ಟುವ ಬಾಬ್ತಲ್ಲ.

ಅಪ್ಪನ ರೈಫಲ್

ಅಕ್ಕನ ಮಗ ಅಜ್ಜನದು ಅನ್ನುವ ರೈಫಲ್ ನಮ್ಮಪ್ಪನದು. ಜಗಳೂರು ತಾಲ್ಲೂಕಿನ ನಮ್ಮೂರಲ್ಲಿ ಈಗ ಅಣ್ಣನ ಹೆಸರಿನಲ್ಲಿದೆ. ಲೈಸೆನ್ಸ್ ಪುಸ್ತಕದ ಮೊದಲ ಪುಟದಲ್ಲಿ ಇನ್ನೂ 'ಚಿತ್ರದುರ್ಗ ಜಿಲ್ಲೆ' ಅಂತಲೇ ಇದೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಗುವವರೆಗೆ ನಾವೆಲ್ಲ ದುರ್ಗದವರೇ ಅಲ್ವಾ. ಬೆಳೆ ಕಾಯಲಿಕ್ಕೆ ಅಂತ ಕೊಟ್ಟ ಲೈಸೆನ್ಸು. ರೈಫಲ್ ಬಂಗಾಳದ ಈಶಾಪುರದ ಸರ್ಕಾರಿ ಕಾರ್ಖಾನೆಯ .315 (ಈ ಅಂಕಿ ಬೋರು, ಅಂದರೆ ನಳಿಗೆಯ ಒಳ ಅಗಲ, ಇಂಚಿನ ಲೆಕ್ಕದಲ್ಲಿ). ಊರವರ ಬಾಯಲ್ಲಿ ತ್ರೀ-ಫಿಫ್ಟೀನು. ಅದಕ್ಕೂ ಮುಂಚೆ ಊರಲ್ಲಿ ಇದ್ದದ್ದೆಲ್ಲ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಅಂಥ ಊರಿಗೆ ಐದು ತೋಟೆ ಹಿಡಿಯುವ ಬೋಲ್ಟ್ ರೈಫಲ್ ಬಂದಾಗ ನೋಡಲಿಕ್ಕೆ ಜನ ಸೇರಿದ್ದರಂತೆ.

ಈ .315 ನಮ್ಮ ದೇಶಕ್ಕೆ ಬಂದ ದಾರಿ ಸ್ವಾರಸ್ಯವಾಗಿದೆ. ಸೈನ್ಯದ .303 ತೋಟೆ ಜನರ ಕೈಗೆ ಸಿಕ್ಕರೆ ಕಷ್ಟ ಅಂತ ಬ್ರಿಟಿಷರು ಅದನ್ನು ತಡೆದರು. ಅದರ ಬದಲು ನಾಗರಿಕರಿಗೆ ಸಿಕ್ಕಿದ್ದು ಆಸ್ಟ್ರಿಯಾ-ಹಂಗೇರಿ ಸೈನ್ಯದ 8×50 (8 ಮಿ.ಮೀ. ಗುಂಡು, 50 ಮಿ.ಮೀ. ಕೇಸು) ಮ್ಯಾನ್‌ಲಿಕರ್ ತೋಟೆ. ಅದೇ ಇಲ್ಲಿ .315 ಆಯಿತು. ಗುಂಡು 244 ಗ್ರೇನ್, ಅಂದರೆ ಹದಿನಾರು ಗ್ರಾಮಿಗೆ ಸ್ವಲ್ಪ ಕಮ್ಮಿ. ವೇಗ ಸೆಕೆಂಡಿಗೆ 600 ಮೀಟರಿನ ಆಸುಪಾಸು. ಇವತ್ತಿನ ಲೆಕ್ಕದಲ್ಲಿ ನಿಧಾನದ, ಭಾರದ, ಹಳೇ ಕಾಲದ ತೋಟೆ. ಆದರೂ ನಳಿಗೆಯಿಂದ ಹೊರಬೀಳುವಾಗ ಸುಮಾರು 2,900 ಜೌಲ್ ಶಕ್ತಿ. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ರೈಫಲ್ಲನ್ನು ಅನುಭವಿಸುವುದು ಅಂದರೆ ಏನು? ಬೇಟೆ 1972ರ ವನ್ಯಜೀವಿ ಕಾಯ್ದೆ, ಅದರ 1991ರ ತಿದ್ದುಪಡಿ ಬಂದ ಮೇಲೆ ಮುಗಿದ ಮಾತು. ನಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕೊಂಡಕುರಿ ಧಾಮ ಇದೆ. ಮೆಕ್ಕೆಜೋಳಕ್ಕೆ ಹಂದಿ ನುಗ್ಗಿತು ಅಂತ ನಾವೇ ಈಡು ಹೊಡೆಯುವ ಹಾಗಿಲ್ಲ. ಗುರಿ ಅಭ್ಯಾಸ ಮಾಡೋಣ ಅಂದರೆ ಹೊಲದಲ್ಲಿ ನಿಂತು ಹೊಡೆಯುವಂಥ ಸಾಮಾನೂ ಅಲ್ಲ ಅದು. ಗುರಿ ತಪ್ಪಿದ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತದೆ. ತೋಟೆಯೂ ಮನಸ್ಸು ಬಂದಷ್ಟು ಸಿಗಲ್ಲ. ವರ್ಷಕ್ಕೆ ಎಷ್ಟು ಅಂತ ಲೈಸೆನ್ಸಿನಲ್ಲೇ ಬರೆದಿರುತ್ತದೆ. ಎಲೆಕ್ಷನ್ ಬಂತು ಅಂದರೆ ಠಾಣೆಗೆ ಒಪ್ಪಿಸಿ ರಸೀದಿ ತಗೋಬೇಕು. ಒಂದು ಸಲ ವಾಪಸ್ ತಂದಾಗ ಬೋಲ್ಟಿನ ಮೇಲೆ ರಾಗಿ ಕಾಳಿನಷ್ಟು ತುಕ್ಕಿನ ಚುಕ್ಕಿಗಳು. ಅಣ್ಣ ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಹಾಗಾದರೆ ಇಟ್ಟುಕೊಳ್ಳಲೇಬಾರದಾ? ಮನೆತನದ ವಸ್ತು ಅನ್ನುವ ಪ್ರೀತಿ ಇದ್ದರೆ ಇಟ್ಟುಕೊಳ್ಳಿ. ವಾರಸುದಾರರಿಗೆ ಕಾನೂನಿನಲ್ಲಿ ದಾರಿ ಇದೆ. ಲೈಸೆನ್ಸುದಾರರು ತೀರಿಕೊಂಡರೆ ರೈಫಲ್ಲನ್ನು ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಇಡಬೇಕು, ಆಮೇಲೆ ಅರ್ಜಿ ಹಾಕಬೇಕು. ಅವರು ಬದುಕಿರುವಾಗಲೇ ಕೊಡಬೇಕು ಅಂದರೂ ಆಗುತ್ತದೆ. ಅವರಿಗೆ 70 ವರ್ಷ ತುಂಬಿರಬೇಕು, ಇಲ್ಲವೇ ಆ ಆಯುಧ 25 ವರ್ಷ ಅವರ ಹತ್ತಿರ ಇದ್ದಿರಬೇಕು. ಇದು 2016ರ ಆಯುಧ ನಿಯಮಗಳಲ್ಲಿದೆ. ಒಬ್ಬರ ಹೆಸರಿನಲ್ಲಿ ಮೂರು ಆಯುಧ ಇರಬಹುದು ಅಂತ ಮುಂಚೆ ಇತ್ತು. 2019ರ ತಿದ್ದುಪಡಿಯಿಂದ ಎರಡೇ. ಆದರೆ ಹವ್ಯಾಸಕ್ಕೆ ಅಂತ ಹೊಸದಾಗಿ ಇದರ ಲೈಸೆನ್ಸಿಗೆ ಅಲೆಯಬೇಡಿ. ಚಪ್ಪಲಿ ಸವೆಯುತ್ತದೆ ಅಷ್ಟೇ.

ತೋಟೆ ಕಟ್ಟುವವರು ಮಾಡುವುದೇನು

ಮೊದಲು ಕಾನೂನು ಹೇಳಿ ಮುಗಿಸುತ್ತೇನೆ. 1959ರ ಆಯುಧ ಕಾಯ್ದೆಯಲ್ಲಿ ರೈಫಲ್ ಇಟ್ಟುಕೊಳ್ಳುವ ಲೈಸೆನ್ಸು 3ನೇ ಕಲಮಿನದು. ಮದ್ದುಗುಂಡು ತಯಾರಿಸುವುದು 5ನೇ ಕಲಮಿಗೆ ಬರುತ್ತದೆ, ಅದಕ್ಕೆ ಬೇರೆಯೇ ಲೈಸೆನ್ಸು ಬೇಕು. ನಮ್ಮ ಲೈಸೆನ್ಸ್ ಪುಸ್ತಕ ಇಟ್ಟುಕೊಂಡು ಮನೆಯಲ್ಲಿ ತೋಟೆ ತುಂಬಲು ಕೂತರೆ ಅಪರಾಧ. ಇದರಲ್ಲಿ 'ಸ್ವಲ್ಪ ಅಡ್ಜಸ್ಟ್' ಅನ್ನುವುದಿಲ್ಲ.

ಕಾನೂನು ಒಪ್ಪುವ ದೇಶಗಳಲ್ಲಿ ಇದು ದೊಡ್ಡ ಹವ್ಯಾಸ. ಒಂದು ತೋಟೆಯಲ್ಲಿ ಇರುವುದು ನಾಲ್ಕೇ ಸಾಮಾನು: ಹಿತ್ತಾಳೆ ಕೇಸು, ತಳದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಈಡು ಹೊಡೆದ ಮೇಲೆ ಮೂರು ಹೋಗುತ್ತವೆ, ಕೇಸು ಉಳಿಯುತ್ತದೆ. ನಾಲ್ಕರಲ್ಲಿ ತುಟ್ಟಿಯದು ಅದೇ. ಹೊಡೆದಾಗ ಅದು ಹಿಗ್ಗಿ ಆ ರೈಫಲ್ಲಿನ ಒಳಗೂಡಿನ ಅಳತೆಗೆ ಅಚ್ಚು ಹೊಯ್ದ ಹಾಗೆ ಆಗಿರುತ್ತದೆ. ಅದನ್ನು ಪ್ರೆಸ್ಸಿನಲ್ಲಿ ಒತ್ತಿ ಅಳತೆಗೆ ತರುತ್ತಾರೆ. ಉದ್ದ ಬೆಳೆದಿದ್ದರೆ ಕತ್ತರಿಸುತ್ತಾರೆ, ಹೊಸ ಕೇಪು ಕೂರಿಸುತ್ತಾರೆ, ಮದ್ದನ್ನು ಗ್ರೇನಿನ ಹತ್ತನೇ ಒಂದು ಪಾಲಿನ ತನಕ ತೂಗಿ ಹಾಕುತ್ತಾರೆ. ಕೊನೆಗೆ ಗುಂಡನ್ನು ಎಷ್ಟು ಆಳಕ್ಕೆ ಇಳಿಸಬೇಕೋ ಅಷ್ಟೇ ಇಳಿಸುತ್ತಾರೆ.

ಒಂದು ಗ್ರೇನ್ ಅಂದರೆ 0.0648 ಗ್ರಾಂ. ನಮ್ಮ ಅಕ್ಕಸಾಲಿಗರು ಬಂಗಾರ ತೂಗುತ್ತಿದ್ದ ಒಂದು ಗುಲಗಂಜಿ ಸುಮಾರು 0.12 ಗ್ರಾಂ, ಎರಡು ಗ್ರೇನಿಗೆ ಚೂರು ಕಮ್ಮಿ. ಆ ಗುಲಗಂಜಿಯ ಇಪ್ಪತ್ತನೇ ಒಂದು ಭಾಗಕ್ಕೆ ಇವರು ತಲೆ ಕೆಡಿಸಿಕೊಳ್ಳುತ್ತಾರೆ. ದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳನ್ನು ನೋಡಿದ್ದೀರಲ್ಲ, ಗುಂಡಿಯೊಳಗೆ ಇರುವ ಆ ದೊಡ್ಡ ಗಾಲಿಕಲ್ಲುಗಳು? ಪೆಟ್ಲುಪ್ಪು, ಗಂಧಕ, ಇದ್ದಿಲು ಬೀಸುತ್ತಿದ್ದ ಕಾಲ ಅದು. ಈಗಿನದು ಹೊಗೆ ಇಲ್ಲದ ಬೇರೆಯೇ ಜಾತಿಯ ಮದ್ದು. ಕಣ್ಣಂದಾಜಿನ ಲೆಕ್ಕ ಇಲ್ಲಿ ನಡೆಯಲ್ಲ. ಹೆಚ್ಚಾದರೆ ರೈಫಲ್ ಸಿಡಿದು ಹೊಡೆದವರ ಕಣ್ಣು, ಕೈ ಹೋಗುತ್ತದೆ.

ಇಷ್ಟೆಲ್ಲ ಪಾಡು ಯಾಕೆ? 7×57 ಮೌಸರ್ ಅನ್ನುವ ತೋಟೆಯ ಉದಾಹರಣೆ ತಗೊಳ್ಳಿ. ಮಧ್ಯಮ ಬೋರಿನ ಹಳೇ ಬೇಟೆ ರೈಫಲ್ ಅಂದರೆ ನನ್ನ ಮನಸ್ಸಿಗೆ ಮೊದಲು ಬರುವುದು ಅದೇ. 1893ರಲ್ಲಿ ಸ್ಪೇನ್ ಸೈನ್ಯ ಅದನ್ನು ಒಪ್ಪಿಕೊಂಡಿತು. ಲಂಡನ್ನಿನ ರಿಗ್ಬಿ ಕಂಪನಿ ಅದಕ್ಕೇ .275 ಅಂತ ಹೆಸರಿಟ್ಟು ಮಾರಿತು. 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದಿದ್ದಕ್ಕೆ ಜಿಮ್ ಕಾರ್ಬೆಟ್ಟರಿಗೆ ಉಡುಗೊರೆಯಾಗಿ ಬಂದದ್ದು ಈ .275 ರಿಗ್ಬಿಯೇ. (ನಮ್ಮ ಕಡೆ ಕಾಡು ಸುತ್ತಿದ ಕೆನೆತ್ ಆಂಡರ್ಸನ್ನರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್. ಅದರ ಒದೆತದ ಮುಂದೆ ರಿಗ್ಬಿ ಹಸು ಇದ್ದ ಹಾಗೆ.) ಈ ತೋಟೆ ಹುಟ್ಟಿದ್ದು 173 ಗ್ರೇನಿನ ಉದ್ದ ಗುಂಡಿಗೆ. ಹಳೇ ರೈಫಲ್ಲುಗಳ ನಳಿಗೆಯ ಗಂಟಲೂ ಅದಕ್ಕೆ ತಕ್ಕ ಹಾಗೆ ಉದ್ದ. ಈಗಿನ 140 ಗ್ರೇನಿನ ಗಿಡ್ಡ ಗುಂಡು ಹಾಕಿದರೆ ಅದು ನಳಿಗೆಯೊಳಗಿನ ಸುರುಳಿ ಗೆರೆ ಮುಟ್ಟುವ ಮೊದಲು ಅಷ್ಟು ದೂರ ಹಾರಬೇಕು. ಹಾರುವಾಗ ಸೊಟ್ಟಗಾದರೆ ಗುರಿಯೂ ಸೊಟ್ಟ. ಅಮೆರಿಕದ ಕಾರ್ಖಾನೆಗಳಿಗೆ ಇನ್ನೊಂದು ಭಯ. ನೂರು ವರ್ಷದ ಹಳೇ ಮೌಸರಿಗೂ ಯಾರಾದರೂ ಇದೇ ತೋಟೆ ಹಾಕಿಬಿಟ್ಟರೆ? ಅದಕ್ಕೆ ಅವರು ಮೆತ್ತಗೇ ತುಂಬುತ್ತಾರೆ. ಹಾಗಾಗಿ ಗಟ್ಟಿ ರೈಫಲ್ ಇದ್ದವರು ತಮ್ಮ ನಳಿಗೆ ಏನು ಕೇಳುತ್ತದೋ ಅದನ್ನು ತಾವೇ ಕಟ್ಟಿಕೊಳ್ಳುತ್ತಾರೆ.

ಎಲ್ಲದರ ತಿರುಳು ಇಷ್ಟು. ಒಂದೊಂದು ನಳಿಗೆಗೂ ಒಂದೊಂದು ನಾಲಿಗೆ. ಅದಕ್ಕೆ ಏನು ರುಚಿಸುತ್ತದೆ ಅಂತ ಹುಡುಕುವುದೇ ಆಟ. ಆ ಆಟಕ್ಕೆ ಮದ್ದೇ ಬೇಕು ಅಂತೇನಿಲ್ಲ.

.22ರ ವಿಷಯ ಬೇಗ ಮುಗಿಸೋಣ

ಕಾಲೇಜಿನಲ್ಲಿ ಎನ್‌ಸಿಸಿ ಸೇರಿದವರು .22 ಹೊಡೆದಿರುತ್ತೀರಿ. ಒದೆತ ಇಲ್ಲ, ಸದ್ದು ಕಮ್ಮಿ, 50 ಮೀಟರಿನ ಪಂದ್ಯಕ್ಕೆ ಅದೇ ಬೇಕು. ಆದರೆ ಇದಕ್ಕೂ ಲೈಸೆನ್ಸು, ಕ್ಲಬ್ಬು, ರೇಂಜು. ದೊಡ್ಡ ರೇಂಜಿಗೆ ಅಂತ ಬೆಂಗಳೂರಿನ ದಾರಿ ಹಿಡಿದರೆ ದಾವಣಗೆರೆಯಿಂದ ಹತ್ತಿರಹತ್ತಿರ 260 ಕಿಲೋಮೀಟರು. ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿರಲ್ಲ: .22 ತೋಟೆಯನ್ನು ಮತ್ತೆ ತುಂಬಲಿಕ್ಕೆ ಬರುವುದೇ ಇಲ್ಲ ಅನ್ನಬಹುದು. ಅದರ ಕೇಪಿನ ಮದ್ದು ಕೇಸಿನ ಅಂಚಿನೊಳಗೇ ಇರುತ್ತದೆ. ಹೊಡೆದರೆ ಅಂಚು ಜಜ್ಜಿಹೋಗುತ್ತದೆ. ಅದಕ್ಕೇ ದೊಡ್ಡ ದೊಡ್ಡ ಪಂದ್ಯದವರೂ ತೋಟೆ ಕಟ್ಟುವುದಿಲ್ಲ. ಬೇರೆ ಬೇರೆ ಲಾಟಿನ ಡಬ್ಬಿ ತಂದು, ತಮ್ಮ ನಳಿಗೆಗೆ ಯಾವುದು ಹೊಂದಿತೋ ಅದನ್ನೇ ಜಾಸ್ತಿ ಕೊಂಡಿಟ್ಟುಕೊಳ್ಳುತ್ತಾರೆ. ಅಲ್ಲೂ ನಡೆಯುವುದು ಆರಿಸುವ ಆಟವೇ.

ಏರ್ ರೈಫಲ್: ಸ್ಪ್ರಿಂಗೋ, ಪಿಸಿಪಿಯೋ

2016ರ ನಿಯಮದಲ್ಲಿ ಗೆರೆ ಸ್ಪಷ್ಟ. ಬೋರು .177, ಅಂದರೆ 4.5 ಮಿ.ಮೀ. ದಾಟಬಾರದು. ಶಕ್ತಿ 20 ಜೌಲ್ ದಾಟಬಾರದು. ಅದರೊಳಗಿದ್ದರೆ ಲೈಸೆನ್ಸ್ ಬೇಕಿಲ್ಲ. ಎರಡರಲ್ಲಿ ಯಾವುದು ದಾಟಿದರೂ ಬೇಕು. ಅಪ್ಪನ ರೈಫಲ್ಲಿನ 2,900 ಜೌಲ್ ನೆನಪಿದೆಯಲ್ಲ? ಅದರ ಮುಂದೆ ಇದು ನೂರೈವತ್ತನೇ ಒಂದು ಪಾಲು. "ಪಾಯಿಂಟ್ ಟೂ-ಟೂ ಏರ್‌ಗನ್ ತಗೊಳ್ಳಿ ಸಾರ್, ಜೋರಾಗಿ ಹೊಡೆಯುತ್ತೆ" ಅಂತ ಯಾರಾದರೂ ಹೇಳಿದರೆ ಕೈ ಮುಗಿದು ಬನ್ನಿ. ಕೊಂಡದ್ದಕ್ಕೆ ಅಂಗಡಿಯವರು ಕೊಟ್ಟ ಬಿಲ್ಲು ಜೋಪಾನ.

ಸ್ಪ್ರಿಂಗಿನ ರೈಫಲ್ಲನ್ನು ನಮ್ಮ ಕಡೆ ಜಾತ್ರೆಯಲ್ಲಿ ಬಲೂನ್ ಒಡೆಯುವುದಕ್ಕೆ ಇಟ್ಟಿರುತ್ತಾರಲ್ಲ, ಅದರದೇ ಒಳ್ಳೇ ಜಾತಿ. ನಳಿಗೆ ಮಡಿಸಿದರೆ ಒಳಗಿನ ಸ್ಪ್ರಿಂಗು ಒತ್ತಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಪಿಸ್ಟನ್ ಮುಂದೆ ನುಗ್ಗಿ ಗಾಳಿ ಒತ್ತಿ ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡನ್ನು ದೂಡುತ್ತದೆ. ಪ್ರೆಸಿಹೋಲ್‌ನಂಥ ನಮ್ಮ ದೇಶದ ಕಂಪನಿಗಳೇ ಈಗ ಚೆನ್ನಾಗಿ ಮಾಡುತ್ತಿವೆ. ಪಂಪು ಬೇಡ, ಸಿಲಿಂಡರ್ ಬೇಡ. ಆದರೆ ಹೊಡೆಯುವುದು ಕಷ್ಟ. ಪಿಸ್ಟನ್ ಓಡುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ತಾಗಿದಾಗ ಮುಂದಕ್ಕೆ ಜಗ್ಗುತ್ತದೆ. ಇದೆಲ್ಲ ಆಗುವಾಗ ಪೆಲೆಟ್ಟು ಇನ್ನೂ ನಳಿಗೆಯೊಳಗೇ ಇರುತ್ತದೆ. ಗಟ್ಟಿಯಾಗಿ ಹಿಡಿದರೆ ಗುರಿ ಚದುರುತ್ತದೆ. ಅಂಗೈ ಮೇಲೆ ಸುಮ್ನೆ ಮಲಗಿಸಿಕೊಳ್ಳಬೇಕು, ನಿದ್ದೆ ಹೋದ ಕೂಸನ್ನು ಎತ್ತಿಕೊಂಡ ಹಾಗೆ.

ಈ ಎರಡು ಕಡೆಯ ಜಗ್ಗಾಟ ನನಗೆ ಪಾಠ ಕಲಿಸಿದೆ. ಮೊದಲನೇ ಸ್ಪ್ರಿಂಗ್ ರೈಫಲ್ಲಿಗೆ ಚೆಂದ ಕಂಡಿತು ಅಂತ ಒಂದು ಸ್ಕೋಪು (ಗುರಿ ನೋಡುವ ದುರ್ಬೀನು) ಹಾಕಿಸಿದೆ. ಮಾರಿದವರು "ದೊಡ್ಡ ರೈಫಲ್ಲಿಗೇ ಹಾಕ್ತಾರೆ, ಇದ್ಯಾವ ಲೆಕ್ಕ" ಅಂದರು. ಹದಿನೈದು ದಿನಕ್ಕೆ ಒಳಗಿನ ಅಡ್ಡಗೆರೆ ವಾಲಿತು. ಕೈಯಲ್ಲಿ ಅಲ್ಲಾಡಿಸಿದರೆ ಗಿಲಕಿ ಸದ್ದು. ದೊಡ್ಡ ರೈಫಲ್ ಹಿಂದಕ್ಕೆ ಮಾತ್ರ ಒದೆಯುತ್ತದೆ, ಮಾಮೂಲಿ ಸ್ಕೋಪು ತಡೆಯುವುದು ಆ ಒಂದು ದಿಕ್ಕಿನ ಏಟನ್ನೇ. ಸ್ಪ್ರಿಂಗಿಗೆ ಅಂತಲೇ ಮಾಡಿದ ಸ್ಕೋಪು, ಅದನ್ನು ಕೂರಿಸಲು ಜಾರದ ಹಾಗೆ ಪಿನ್ ಇರುವ ಮೌಂಟು ತಗೊಳ್ಳಿ. ಇನ್ನೊಂದು: ದೊಡ್ಡ ರೈಫಲ್ಲಿನ ಸ್ಕೋಪುಗಳು ಸಾಮಾನ್ಯವಾಗಿ 90 ಮೀಟರಿನ ಆಸುಪಾಸಿಗೆ ಹೊಂದಿಸಿರುತ್ತವೆ. ಹತ್ತು ಮೀಟರಿನಲ್ಲಿ ಗುರಿ ಮಂಜು ಮಂಜು. ಮುಂದಿನ ಗಾಜು ತಿರುಗಿಸಿ ಹತ್ತು ಮೀಟರಿಗೆ ತರಲು ಬರುವಂಥದ್ದೇ ಬೇಕು.

ಪೆಲೆಟ್ ಹಾಕದೆ ಸುಮ್ಮನೆ ಟ್ರಿಗರ್ ಎಳೆದು ಆಡಬೇಡಿ, ಪಿಸ್ಟನ್ ಜಜ್ಜಿಹೋಗುತ್ತದೆ. ಪೆಲೆಟ್ ಹಾಕುವಾಗ ಮಡಿಸಿದ ನಳಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದೇ ಇರಿ. ಅದು ಪಟ್ಟಂತ ಮುಚ್ಚಿಕೊಂಡರೆ ಬೆರಳು ಉಳಿಯಲ್ಲ.

ಪಿಸಿಪಿಯದು ಬೇರೆ ಲೋಕ. ನಳಿಗೆ ಕೆಳಗಿನ ಸಿಲಿಂಡರಿನಲ್ಲಿ 200 ಬಾರ್ ತನಕ ಗಾಳಿ ತುಂಬಿಡುತ್ತಾರೆ. ಕಾರಿನ ಟೈರಿಗೆ ನಾವು ಹಾಕಿಸುವುದು ಎರಡು ಬಾರ್ ಚಿಲ್ಲರೆ, ಯೋಚನೆ ಮಾಡಿ. ಟ್ರಿಗರ್ ಎಳೆದಾಗ ಒಂದು ಗುಟುಕು ಗಾಳಿ ಬಿಡುತ್ತದೆ, ಅಷ್ಟೇ. ಒದೆತ ಇಲ್ಲದ ಹಾಗೇ. ಒಲಿಂಪಿಕ್ಸಿನ ಹತ್ತು ಮೀಟರ್ ಪಂದ್ಯದವರೆಲ್ಲ ಹಿಡಿಯುವುದು ಇದೇ ಜಾತಿ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಬಂಗಾರ ಗೆದ್ದದ್ದು, ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು ಹೆಸರು ಮಾಡಿದ್ದು ಈ ಪಂದ್ಯದಲ್ಲೇ. ಆ ಗುರಿಯ ಹತ್ತರ ಚುಕ್ಕಿ ಅರ್ಧ ಮಿಲಿಮೀಟರು. ಸಾಸಿವೆ ಕಾಳಿಗಿಂತ ಸಣ್ಣದು.

ತೊಂದರೆ ಗಾಳಿಯದು. ಕೈ ಪಂಪಿನಲ್ಲಿ 200 ಬಾರಿಗೆ ಏರಿಸುವುದು ಅಂದರೆ ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಬನಿಯನ್ ಹಿಂಡುವ ಕೆಲಸ. ಕೊನೆಯ ಇಪ್ಪತ್ತು ಸಲ ಇಡೀ ಮೈಭಾರ ಹಾಕಬೇಕು. ಹಾಗಂತ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರಿನಿಂದ ತುಂಬಿಸಿಕೊಳ್ಳೋಣ ಅನ್ನುವ ಯೋಚನೆ ಕನಸಲ್ಲೂ ಬೇಡ. ಜೋರು ಒತ್ತಡದ ಆಕ್ಸಿಜನ್ನಿಗೆ ಒಂದು ಹನಿ ಎಣ್ಣೆ ಸೇರಿದರೂ ಸಿಡಿಯುತ್ತದೆ. ಬರೀ ಗಾಳಿ. ಗಾಳಿ ಹೋಗುವ ದಾರಿಗೆ ಹೊಲಿಗೆ ಮಷಿನ್ನಿನ ಎಣ್ಣೆಯನ್ನೂ ಬಿಡಬೇಡಿ.

ಹಣದ ಲೆಕ್ಕದಲ್ಲಿ ಒಳ್ಳೇ ಸ್ವದೇಶಿ ಸ್ಪ್ರಿಂಗ್ ರೈಫಲ್ಲಿನ ಎರಡು-ಮೂರು ಪಟ್ಟು ಪಿಸಿಪಿಗೆ ಬೇಕು, ಪಂಪು ಬೇರೆ. ಫೈನ್‌ವೆರ್ಕ್‌ಬಾವು, ವಾಲ್ಥರ್, ಆನ್‌ಶುಟ್ಸ್ ತರದ ಜರ್ಮನಿಯ ಪಂದ್ಯದ ರೈಫಲ್ಲಾದರೆ ಲಕ್ಷಗಳ ಮಾತು. ಮಗಳೋ ಮಗನೋ ಪಂದ್ಯಕ್ಕೆ ಇಳಿಯುತ್ತೇನೆ ಅಂದರೆ ಸ್ಪ್ರಿಂಗಿನಲ್ಲಿ ಕಾಲ ಕಳೆಯಬೇಡಿ, ಪಿಸಿಪಿಯೇ ಸರಿ. ಸಂಜೆ ಹೊತ್ತು ಮನೆ ಹಿಂದೆ ಮೂವತ್ತು ಪೆಲೆಟ್ ಹೊಡೆದು ಮನಸ್ಸು ಹಗುರ ಮಾಡಿಕೊಳ್ಳುವ ನನ್ನಂಥವರಿಗೆ ಸ್ಪ್ರಿಂಗ್ ಸಾಕು. ನಿಜ ಹೇಳಬೇಕು ಅಂದರೆ ಸ್ಪ್ರಿಂಗಿನಲ್ಲಿ ಕಲಿತ ಕೈ ಯಾವುದಕ್ಕೂ ಒಗ್ಗುತ್ತದೆ. ಹಳೇ ರೈಫಲ್ಲಿನ ಮುಂಗೋಪ, ಹಠ ಎಲ್ಲ ಅದರಲ್ಲಿ ಇದೆ.

ಪಡ್ಡಿನ ಹಂಚು, ಒಂದು ತಕ್ಕಡಿ

ಈಗ ನನಗೆ ಪ್ರೀತಿಯ ಭಾಗ. ಅಮೆರಿಕದ ಆ ಗ್ಯಾರೇಜಿನ ಮೇಜನ್ನು ನಾವು ನಮ್ಮ ಊಟದ ಮೇಜಿಗೆ ತರುವುದು ಹೀಗೆ.

ಪೆಲೆಟ್ ಡಬ್ಬಿಯ ಮೇಲೆ ಎರಡು ಅಂಕಿ ನೋಡಿ. ಒಂದು ತೂಕ. ಜೆಎಸ್‌ಬಿ ಕಂಪನಿಯ ಒಂದು ಹೆಸರಾದ ಪೆಲೆಟ್ 8.44 ಗ್ರೇನ್, ಅಂದರೆ 0.547 ಗ್ರಾಂ, ನಾಲ್ಕೂವರೆ ಗುಲಗಂಜಿ. ಇನ್ನೊಂದು ತಲೆಯ ಅಳತೆ: 4.49, 4.50, 4.51, 4.52 ಮಿ.ಮೀ. ಬೋರು ಒಂದೇ ಆದರೂ ಮಿಲಿಮೀಟರಿನ ನೂರನೇ ಒಂದು ಭಾಗದಲ್ಲಿ ನಳಿಗೆಯಿಂದ ನಳಿಗೆಗೆ ವ್ಯತ್ಯಾಸ. ಬಿಗಿಯಾದ ನಳಿಗೆಗೆ ದಪ್ಪ ತಲೆ ಹಾಕಿದರೆ ಪೆಲೆಟ್ಟು ನಲುಗುತ್ತದೆ. ಸಡಿಲ ನಳಿಗೆಗೆ ಸಣ್ಣ ತಲೆ ಹಾಕಿದರೆ ಗಾಳಿ ಸೋರುತ್ತದೆ. ಆಕಾರದಲ್ಲಿ, ಚಪ್ಪಟೆ ತಲೆಯದು ಕಾಗದಕ್ಕೆ ಗುಂಡನೆ ತೂತು ಕೊರೆಯುತ್ತದೆ, ಎಣಿಸಲು ಸುಲಭ. ಹತ್ತು ಮೀಟರಿಗೆ ಅದೇ ಲೇಸು. ಇಪ್ಪತ್ತೈದು, ಮೂವತ್ತು ಮೀಟರಿಗೆ ದುಂಡು ತಲೆಯದು. ಚೂಪು ತಲೆಯದು ನೋಡಲು ಮಾತ್ರ ಭಯಂಕರ. ಹುಡುಗರು ಮೊದಲು ಕೈ ಹಾಕುವುದು ಅದಕ್ಕೇ, ಗುರಿ ಮಾತ್ರ ಅದರದು ಅಷ್ಟಕ್ಕಷ್ಟೇ.

ತಕ್ಕಡಿ ಕೊಳ್ಳುವಾಗ ಮೋಸ ಹೋಗಬೇಡಿ. 0.01 ಗ್ರಾಂ ತೋರಿಸುವ ಅಗ್ಗದ್ದು ಇಲ್ಲಿ ಪ್ರಯೋಜನ ಇಲ್ಲ. ಒಂದೇ ಮೆಟ್ಟಿಲು 0.15 ಗ್ರೇನ್ ಆಗಿಬಿಡುತ್ತದೆ. 0.001 ಗ್ರಾಂ ತೋರಿಸುವ, ಬಂಗಾರದ ಅಂಗಡಿಯವರು ಇಟ್ಟುಕೊಳ್ಳುವಂಥದ್ದು ಬೇಕು. ನಾನು, ಅಕ್ಕನ ಮಗ ರಾತ್ರಿ ಒಂಬತ್ತಕ್ಕೆ ಕೂತೆವು. ಫ್ಯಾನ್ ಹಾಕಿದರೆ ತಕ್ಕಡಿಯ ಕೊನೇ ಅಂಕಿ ಕುಣಿಯುತ್ತದೆ. ಆರಿಸಿದರೆ ನಾವು ಬೇಯುತ್ತೇವೆ. ಆರಿಸಿದೆವು. ಒಂದೊಂದೇ ಪೆಲೆಟ್ ಚಿಮಟದಲ್ಲಿ ಎತ್ತಿ ಇಟ್ಟು, ಅಂಕಿ ನಿಂತ ಮೇಲೆ ಹಳೇ ಪಡ್ಡಿನ ಹಂಚಿನ ಕುಳಿಗೆ ಹಾಕುವುದು. ನಡುವಿನ ಕುಳಿ 8.4, ಬಲಕ್ಕೆ 8.5, ಎಡಕ್ಕೆ 8.3. ಒಳ್ಳೇ ಡಬ್ಬಿಯ ಪೆಲೆಟ್ಟುಗಳು ನಡುವಿನ ಮೂರು ಕುಳಿಗಳಲ್ಲೇ ಗುಂಪು ಕಟ್ಟಿದವು. ಒಂದು ಅಗ್ಗದ ಡಬ್ಬಿಯವು ಮಾತ್ರ ಗಾಳಿಗೆ ಸಿಕ್ಕ ಮಂಡಕ್ಕಿ ಹಾಗೆ ಹಂಚಿನ ತುಂಬಾ. ಅರ್ಧ ಗ್ರೇನಿಗೂ ಜಾಸ್ತಿ ಹೆಚ್ಚುಕಮ್ಮಿ.

ಒಂದು ಮಾತು: ಆ ಹಂಚು ಮತ್ತೆ ಅಡುಗೆಮನೆಗೆ ಹೋಗಬಾರದು. ಪೆಲೆಟ್ ಅಂದರೆ ಸೀಸ. ಬಾಯಲ್ಲಿ ಕಚ್ಚಿ ಹಿಡಿಯುವುದು, ಮುಟ್ಟಿದ ಕೈಯಲ್ಲಿ ತಿನ್ನುವುದು ಯಾವುದೂ ಬೇಡ. ಸೋಪು ಹಚ್ಚಿ ಕೈ ತೊಳೆಯಿರಿ. ಮೇಜಿಗೂ ಹಳೇ ಪೇಪರ್ ಹಾಸಿಕೊಳ್ಳಿ.

ತೂಕಕ್ಕಿಂತ ಮುಂಚೆ ಇನ್ನೊಂದು ಕೆಲಸ ಇದೆ, ಅದಕ್ಕೆ ತಕ್ಕಡಿಯೂ ಬೇಡ. ಪೆಲೆಟ್ಟನ್ನು ಗಾಜಿನ ಮೇಲೆ ಉರುಳಿಸಿ. ಹಿಂದಿನ ಲಂಗದಂಥ ಅಂಚು ನಗ್ಗಿದ್ದರೆ ಕುಂಟುತ್ತಾ ಉರುಳುತ್ತದೆ. ಅದನ್ನು ಪಕ್ಕಕ್ಕೆ ಹಾಕಿ.

ಆಮೇಲೆ ಪರೀಕ್ಷೆ. ಐದು ತರದ ಪೆಲೆಟ್ ತಂದು, ಮರಳು ತುಂಬಿದ ಚೀಲದ ಮೇಲೆ ಕೈ ಊರಿ, ಒಂದೊಂದರಲ್ಲೂ ಐದೈದು ಹೊಡೆಯಿರಿ. ತರ ಬದಲಿಸಿದಾಗ ಮೊದಲ ನಾಲ್ಕೈದು ಲೆಕ್ಕಕ್ಕಿಲ್ಲ, ನಳಿಗೆ ಹೊಸ ಸೀಸಕ್ಕೆ ಒಗ್ಗಬೇಕು. ಗುಂಪು ಗುರಿಯ ನಡುವೆ ಬಿತ್ತಾ ಅಂತ ನೋಡಬೇಡಿ, ಅದು ಸ್ಕೋಪ್ ತಿರುಗಿಸಿದರೆ ಸರಿಹೋಗುತ್ತದೆ. ಗುಂಪು ಎಷ್ಟು ಚಿಕ್ಕದು ಅಂತ ನೋಡಿ. ನಮ್ಮ ರೈಫಲ್ಲಿನಲ್ಲಿ ಒಂದು ತರದ್ದು ಹತ್ತು ರೂಪಾಯಿ ನಾಣ್ಯದಡಿ ಮುಚ್ಚಿಹೋಗಲಿಲ್ಲ. ತಲೆ 0.01 ಮಿ.ಮೀ. ದಪ್ಪದ್ದು ಹಾಕಿದೆವು. ಐದೂ ತೂತು ಸೇರಿ ಒಂದು ಶೇಂಗಾ ಬೀಜದಷ್ಟಾಯಿತು. ಹುಡುಗ ಕಿರುಚಿದ್ದಕ್ಕೆ ಪಕ್ಕದ ಮನೆ ನಾಯಿ ಬೊಗಳಿತು.

ಹಾಗಾದರೆ ಫ್ಯಾನ್ ಆರಿಸಿ ತೂಗಿದ್ದರ ಲಾಭ? ಹತ್ತು ಮೀಟರಿನಲ್ಲಿ ಹೆಚ್ಚೇನೂ ಇಲ್ಲ. ತೂಗಿದ್ದಕ್ಕೂ ತೂಗದೇ ಇದ್ದದ್ದಕ್ಕೂ ನನ್ನ ಕೈಯಲ್ಲಿ ವ್ಯತ್ಯಾಸ ಕಾಣಲಿಲ್ಲ. ತಲೆಯ ಅಳತೆ, ತಯಾರಿ ಮಾಡಿದ ಕಂಪನಿ, ನಗ್ಗಿದ್ದನ್ನು ತೆಗೆದುಹಾಕುವುದು, ಕೆಲಸ ಮಾಡುವುದು ಈ ಮೂರೇ. ತೂಕದ ಗುಣ ಕಾಣಬೇಕಾದರೆ ಮೂವತ್ತು ಮೀಟರ್ ದಾಟಬೇಕು. ಆದರೂ ನಾವು ತೂಗುತ್ತೇವೆ. ಯಾಕೆ ಅಂತ ಕೇಳಿದರೆ ರಂಗೋಲಿ ಚುಕ್ಕಿ ಇಡುವವರನ್ನೂ ಕೇಳಬೇಕಾಗುತ್ತದೆ.

ಎಲ್ಲಿ ಹೊಡೆಯುವುದು

ಪೆಲೆಟ್ ಕೂಡ ತಪ್ಪಿದರೆ ಕೆಲವು ನೂರು ಮೀಟರ್ ಹೋಗುತ್ತದೆ, ಕಣ್ಣಿಗೆ ತಾಗಿದರೆ ಕಣ್ಣು ಹೋಯಿತು. ಗೋಡೆಗೆ, ಕಲ್ಲಿಗೆ ನೇರವಾಗಿ ಹೊಡೆದರೆ ವಾಪಸ್ ಬರುತ್ತದೆ. ಒಂದು ಗಟ್ಟಿ ಮರದ ಪೆಟ್ಟಿಗೆ, ಅದರ ಹಿಂಬದಿಗೆ ಕಬ್ಬಿಣದ ತಗಡು, ಒಳಗೆ ಒತ್ತಿ ತುಂಬಿದ ಹಳೇ ಬಟ್ಟೆ. ಇದು ಚೆನ್ನಾಗಿ ಹಿಡಿಯುತ್ತದೆ. ಕಾಟನ್ ಮಿಲ್ಲುಗಳಿಗೆ ಹೆಸರಾಗಿದ್ದ ಊರಲ್ಲಿ ಚಿಂದಿಗೇನು ಬರ. ನಾನು ಮೊದಲು ಎರೆಮಣ್ಣು ತುಂಬಿದೆ. ಬೇಸಿಗೆಯಲ್ಲಿ ಅದು ಕಲ್ಲಾಗಿ ಬಿರುಕು ಬಿಟ್ಟು ಪೆಲೆಟ್ ಪುಟಿಯಿತು. ಅದು ಬೇಡ. ಎರಡೂ ಕಣ್ಣಿಗೆ ಕನ್ನಡಕ ಇರಲಿ. ಅಕ್ಕಪಕ್ಕದವರಿಗೆ ಮೊದಲೇ ಹೇಳಿ ತೋರಿಸಿಬಿಡಿ, ಗುಮಾನಿ ಉಳಿಯಲ್ಲ.

ಹಕ್ಕಿಗೆ, ಅಳಿಲಿಗೆ, ಮಂಗಕ್ಕೆ ಗುರಿ ಹಿಡಿಯುವವರಿಗೆ ಈ ಬರಹ ಅಲ್ಲ. ದುರ್ಗದ ಜೋಗಿಮಟ್ಟಿ ಕಾಡಿನ ಅಂಚಿನಲ್ಲಿ ಮನೆ ಇರುವವರು ಏರ್ ರೈಫಲ್ ಹೆಗಲಿಗೆ ಹಾಕಿಕೊಂಡು ಗುಡ್ಡದ ಕಡೆ ವಾಕಿಂಗ್ ಹೋಗುವುದೂ ಬೇಡ. ಅರಣ್ಯ ಇಲಾಖೆಯವರಿಗೆ ನಿಮ್ಮ ಗುಲಗಂಜಿ ತೂಕದ ಕತೆ ಕೇಳುವ ಪುರುಸೊತ್ತು ಇರಲ್ಲ.

ಅಕ್ಕನ ಮಗ ಕೊನೆಗೆ ಸ್ಪ್ರಿಂಗಿನದೇ ತಗೊಂಡ. ತಕ್ಕಡಿಗೆ ಅರ್ಧ ದುಡ್ಡು ನನ್ನದು. ಆಯುಧ ಪೂಜೆಗೆ ಊರಿಗೆ ಹೋದಾಗ ಅಣ್ಣ ಅಪ್ಪನ ರೈಫಲ್ಲಿನಲ್ಲಿ ತೋಟೆ ಇಲ್ಲ ಅಂತ ಬೋಲ್ಟ್ ತೆಗೆದು ಎರಡು ಸಲ ನೋಡಿ ಜಮಖಾನದ ಮೇಲೆ ಇಟ್ಟ. ಪಕ್ಕದಲ್ಲಿ ಟ್ರ್ಯಾಕ್ಟರಿನ ಕೀಲಿ, ಕುಡುಗೋಲು. ಹುಡುಗ ತನ್ನ ಏರ್ ರೈಫಲ್ ಇಟ್ಟು, ಅದರ ಮುಂದೆ ತಕ್ಕಡಿಯನ್ನೂ ಇಟ್ಟ. "ಇದೇನಲೇ, ಕಿರಾಣಿ ಅಂಗಡಿ ಹಾಕ್ತೀಯಾ?" ಅಂತ ಅಣ್ಣ ನಕ್ಕು, ಅದಕ್ಕೂ ಒಂದು ಹೂವು ಏರಿಸಿದ.

ನೀವೂ ಪೂಜೆಗೆ ಇಡುವವರಾದರೆ ಅರಿಶಿನ ಕುಂಕುಮವನ್ನು ಕಬ್ಬಿಣಕ್ಕೆ ಹಚ್ಚಬೇಡಿ, ಮರದ ಹಿಡಿಗೆ ಹಚ್ಚಿ. ನೀರಿನಲ್ಲಿ ಕಲಸಿದ ಕುಂಕುಮ ಒಂದೇ ರಾತ್ರಿಯಲ್ಲಿ ನಳಿಗೆಗೆ ತುಕ್ಕು ತರುತ್ತದೆ. ಪೂಜೆ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಬಟ್ಟೆಯನ್ನು ಹೊರಗಿನಿಂದ ಒಂದು ಸಲ ಆಡಿಸಿ ಎತ್ತಿಡಿ. ಸ್ಪ್ರಿಂಗಿನದಾದರೆ ಎಣ್ಣೆ ನಳಿಗೆಯೊಳಗೆ ಹೋಗದ ಹಾಗೆ ನೋಡಿಕೊಳ್ಳಿ. ಒಳಗೆ ಹೋದರೆ ಮುಂದಿನ ಸಲ ಹೊಡೆಯುವಾಗ ಅದು ಹೊತ್ತಿಕೊಂಡು ಢಂ ಅನ್ನುತ್ತದೆ, ನೀಲಿ ಹೊಗೆ ಬರುತ್ತದೆ, ಒಳಗಿನ ಸೀಲು ಸುಟ್ಟುಹೋಗುತ್ತದೆ.